ಶಾಂತವೇರಿ ಗೋಪಾಲಗೌಡರು (1923–1972)

ಮಲೆನಾಡಿನ ಗೇಣಿದಾರರ ಕಷ್ಟವನ್ನು ಶಾಸನಸಭೆಯ ಚರ್ಚೆಗೆ ತಂದವರಲ್ಲಿ ಶಾಂತವೇರಿ ಗೋಪಾಲಗೌಡರು ಅಗ್ರಗಣ್ಯರು. ಅವರು 1923ರ ಮಾರ್ಚ್ 14ರಂದು ಶಿವಮೊಗ್ಗ ಜಿಲ್ಲೆ, ತೀರ್ಥಹಳ್ಳಿ ತಾಲ್ಲೂಕಿನ ಆರಗ ಗ್ರಾಮದಲ್ಲಿ ಜನಿಸಿದರು. ವಿದ್ಯಾರ್ಥಿಯಾಗಿದ್ದಾಗಲೇ 1942ರ ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಭಾಗವಹಿಸಿ ಸೆರೆವಾಸ ಅನುಭವಿಸಿದರು. ತರುವಾಯ ಸಮಾಜವಾದಿ ಪಕ್ಷದ ಕಾರ್ಯಕರ್ತರಾದರು.

ಮೈಸೂರು ಸಂಸ್ಥಾನದ ಜನರು ಹೋರಾಡಿ ಪಡೆದ ಜವಾಬ್ದಾರಿ ಸರ್ಕಾರವು 1947ರ ಅಕ್ಟೋಬರ್‌ನಲ್ಲಿ ಅಧಿಕಾರ ವಹಿಸಿಕೊಂಡಿತು. ಆದರೆ ಆ ಬದಲಾವಣೆ ಭತ್ತದ ಕಣದವರೆಗೆ ತಲುಪಿರಲಿಲ್ಲ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿಯ ಭತ್ತ ಅಳೆದುಕೊಳ್ಳಲು ಭೂಮಾಲೀಕರು ಬಳಸುತ್ತಿದ್ದ ಕೊಳಗವು ರೂಢಿಯ ಅಳತೆಗಿಂತ ದೊಡ್ಡದಾಗಿತ್ತು. ವಿವಾದವು ಗೇಣಿದಾರರನ್ನು ಭೂಮಿಯಿಂದ ಹೊರಹಾಕುವ ಹಂತಕ್ಕೆ ಹೋದಾಗ 1951ರ ಏಪ್ರಿಲ್‌ನಲ್ಲಿ ಸತ್ಯಾಗ್ರಹ ಆರಂಭವಾಯಿತು. ರೈತರನ್ನು ಮೊದಲು ಸಂಘಟಿಸಿದ ಶ್ರೇಯಸ್ಸು ಎಚ್. ಗಣಪತಿಯಪ್ಪನವರದು, ಅದಕ್ಕೆ ರಾಜಕೀಯ ಬಲ ತಂದವರಲ್ಲಿ ಗೋಪಾಲಗೌಡರು ಪ್ರಮುಖರು. ರೈತರು ತಂಡತಂಡವಾಗಿ ಗದ್ದೆಗಿಳಿದು ಬಂಧನಕ್ಕೊಳಗಾದರು. ಡಾ. ರಾಮಮನೋಹರ ಲೋಹಿಯಾ ಅವರೂ ಇಲ್ಲಿಗೆ ಬಂದು ಬಂಧಿತರಾದರು. ಚಳವಳಿಯಿಂದ ಒಕ್ಕಲುಗಳಿಗೆ ಒಡನೆಯೇ ಭೂಮಿಯ ಹಕ್ಕು ದೊರೆಯಲಿಲ್ಲ. ಆದರೆ ದಣಿಯ ಎದುರು ನಿಂತು ಮಾತನಾಡಬಹುದೆಂಬ ಧೈರ್ಯ ಬಂದಿತು, ಅದು ಸಣ್ಣ ಸಂಗತಿಯಲ್ಲ.

ಮರುವರ್ಷದ ಪ್ರಥಮ ಸಾರ್ವತ್ರಿಕ ಚುನಾವಣೆಯಲ್ಲಿ, ಇಪ್ಪತ್ತೊಂಬತ್ತರ ಆಸುಪಾಸಿನ ಗೋಪಾಲಗೌಡರು ಸಾಗರ–ಹೊಸನಗರ ಕ್ಷೇತ್ರದಿಂದ ಆಯ್ಕೆಯಾದರು. ಹಣಬಲವಿಲ್ಲದ ಅವರು ಮತದ ಜೊತೆಗೆ ಚುನಾವಣೆಯ ಖರ್ಚಿಗೆ ಒಂದು ನೋಟನ್ನೂ ಮತದಾರರಿಂದಲೇ ಕೇಳುತ್ತಿದ್ದರೆಂಬುದು ಇಂದಿಗೂ ಮಲೆನಾಡಿನಲ್ಲಿ ಮನೆಮಾತು. 1957ರಲ್ಲಿ ಸೋತರು. 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಗೆದ್ದರು. ಉಳುವವನಿಗೆ ಭೂಮಿಯ ಒಡೆತನ, ಆಡಳಿತದಲ್ಲಿ ಕನ್ನಡ, ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು: ಸದನದ ಒಳಗೂ ಹೊರಗೂ ಅವರು ಬಿಡದೆ ಮಂಡಿಸಿದ ಬೇಡಿಕೆಗಳಿವು. ಮಂತ್ರಿ ಪದವಿ ಅವರದಾಗಲಿಲ್ಲ. ವಿರೋಧ ಪಕ್ಷದ ಸಾಲಿನಲ್ಲಿಯೇ ಅವರ ಶಾಸಕ ಜೀವನ ಸಾಗಿತು. ಸಾಹಿತಿಗಳ ಒಡನಾಟ ಅವರಿಗೆ ಪ್ರಿಯವಾಗಿತ್ತು. ಡಾ. ಯು.ಆರ್. ಅನಂತಮೂರ್ತಿಯವರ ‘ಅವಸ್ಥೆ’ ಕಾದಂಬರಿಗೆ ಅವರ ಬದುಕೇ ಪ್ರೇರಣೆ.

ಕೊನೆಯ ವರ್ಷಗಳಲ್ಲಿ ತೀವ್ರ ಅನಾರೋಗ್ಯಕ್ಕೆ ಒಳಗಾಗಿ, 1972ರ ಜೂನ್ 9ರಂದು ನಿಧನ ಹೊಂದಿದರು. ಆಗ ಅವರಿಗೆ ನಲವತ್ತೊಂಬತ್ತು ವರ್ಷ. ಅವರು ಕೇಳಿದ್ದೆಲ್ಲ ಆ ಮೇಲೆಯೇ ಕೈಗೂಡಿತು. 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾಯಿತು. ಶ್ರೀ ಡಿ. ದೇವರಾಜ ಅರಸು ಅವರ ಸರ್ಕಾರ ತಂದ ಭೂಸುಧಾರಣಾ ತಿದ್ದುಪಡಿಯು 1974ರ ಮಾರ್ಚ್ 1ರಿಂದ ಜಾರಿಗೆ ಬಂದು, ಗೇಣಿ ಜಮೀನುಗಳು ಸರ್ಕಾರದಲ್ಲಿ ನಿಹಿತವಾದವು. ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಸಲ್ಲಿಸಿ, ಭೂನ್ಯಾಯ ಮಂಡಳಿಯಿಂದ ಅಧಿಭೋಗದ ಹಕ್ಕನ್ನು ಪಡೆದರು. ಕಾಗೋಡಿನ ಸೀಮೆಯಲ್ಲಿ ಹಿಂದಿನ ಒಕ್ಕಲುಗಳ ಹೆಸರು ಪಹಣಿಯ ಮಾಲೀಕರ ಕಾಲಮ್ಮಿಗೆ ಬಂದದ್ದು ಹೀಗೆ.