ತರುವುದೂ ಕೊಡುವುದೂ: ನಿಘಂಟುಕಾರ ಗುಂಡರ್ಟ್

ಕೇರಳದಿಂದ ಯಾದಗಿರಿ, ಶಹಾಪುರ, ಸುರಪುರಗಳಿಗೆ ಶಿಕ್ಷಕಿಯರಾಗಿ, ದಾದಿಯರಾಗಿ, ಧರ್ಮಭಗಿನಿಯರಾಗಿ ಬಂದವರನ್ನು ನಾವೆಲ್ಲರೂ ಬಲ್ಲೆವು. ಅವರು ಕನ್ನಡ ಕಲಿಯುವ ಮೊದಲ ದಿನಗಳಲ್ಲಿ ಒಂದು ತಪ್ಪು ಆಗಾಗ ನಮ್ಮ ಕಿವಿಗೆ ಬೀಳುವುದುಂಟು. ಎದುರಿಗಿದ್ದವರ ಕೈಯಲ್ಲೇ ಇರುವ ಪುಸ್ತಕವನ್ನು ಕೊಡಿ ಎಂದು ಕೇಳುವ ಬದಲು ತನ್ನಿ ಎಂದುಬಿಡುತ್ತಾರೆ. ಮಕ್ಕಳು ನಗುತ್ತಾರೆ. ಆದರೆ ನಗುವ ಮುನ್ನ ಆ ತಪ್ಪಿನ ಮೂಲವನ್ನು ತಿಳಿಯುವುದು ಒಳ್ಳೆಯದು.

ಇಂಗ್ಲಿಷಿನ ‘ಗಿವ್’ ಎಂಬ ಕ್ರಿಯಾಪದಕ್ಕೆ ಕನ್ನಡದಲ್ಲಿ ಕೊಡು ಎಂಬುದೊಂದೇ ಸಾಕು. ಮಲಯಾಳದಲ್ಲಿ ಸಾಲದು. ಪಡೆಯುವವನು ನಾನೋ ನೀನೋ ಆಗಿದ್ದರೆ ‘ತರುಕ’ ಎನ್ನಬೇಕು; ಪಡೆಯುವವನು ಮೂರನೆಯವನಾದರೆ ‘ಕೊಡುಕ್ಕುಕ’ ಎನ್ನಬೇಕು. ಪ್ರಭು ಯೇಸು ಕಲಿಸಿದ ಪ್ರಾರ್ಥನೆಯಲ್ಲಿ ಅನುದಿನದ ಆಹಾರವನ್ನು ಬೇಡುವಾಗ ಮಲಯಾಳಿಗಳು ಬಳಸುವುದು ತರುಕ ಎಂಬ ಧಾತುವನ್ನೇ, ಏಕೆಂದರೆ ಬೇಡುತ್ತಿರುವುದು ನಮಗಾಗಿ. ಹಾಗೆ ನೋಡಿದರೆ ಕನ್ನಡದ ತರು ಎಂಬುದೂ ಅದೇ ಬೇರಿನ ಪದ. ನಮ್ಮ ಓಣಿಯ ಹುಡುಗರು ಗೆಳೆಯನ ಕೈಯಲ್ಲಿರುವ ಚೆಂಡನ್ನು ಕಿತ್ತುಕೊಳ್ಳುವಂತೆ ತಾ ಇಲ್ಲಿ ಎನ್ನುವಾಗ ಆ ಹಳೆಯ ಬಾಂಧವ್ಯ ಇಣುಕಿ ನೋಡುತ್ತದೆ.

ಇಂತಹ ಪದಬಾಂಧವ್ಯವನ್ನು ಬೆನ್ನಟ್ಟಿ ಅರ್ಧ ಆಯುಷ್ಯವನ್ನು ಸವೆಸಿದ ಒಬ್ಬ ಮಹನೀಯರ ಬಾಳನ್ನು ಈ ವಾರ ನೆನೆಯುತ್ತೇವೆ. ಅವರೇ ಡಾ. ಹರ್ಮನ್ ಗುಂಡರ್ಟ್. ಅವರು ಕಥೋಲಿಕರಲ್ಲ, ಬಾಸೆಲ್ ಮಿಷನ್ನಿನ ಪ್ರೊಟೆಸ್ಟಂಟ್ ಬೋಧಕರು. ಆದರೂ ಈ ಅಂಕಣದಲ್ಲಿ ಅವರಿಗೆ ಸ್ಥಳವೇಕೆ ಎಂಬುದು ಮುಂದೆ ಓದುಗರಿಗೇ ತಿಳಿಯುತ್ತದೆ.

ಗುಂಡರ್ಟ್ 1814ರ ಫೆಬ್ರವರಿ 4ರಂದು ಜರ್ಮನಿಯ ಸ್ಟುಟ್‌ಗಾರ್ಟ್ ನಗರದಲ್ಲಿ ಜನಿಸಿದರು. ಟ್ಯೂಬಿಂಗನ್ ವಿಶ್ವವಿದ್ಯಾನಿಲಯದಲ್ಲಿ ಓದಿ ಡಾಕ್ಟರೇಟ್ ಪಡೆದು 1836ರಲ್ಲಿ ಮದರಾಸಿಗೆ ಬಂದಿಳಿದರು. ಮೊದಲು ತಮಿಳು ನಾಡಿನಲ್ಲಿ ಸೇವೆ ಸಲ್ಲಿಸಿ, 1838ರಲ್ಲಿ ಸ್ವಿಟ್ಜರ್ಲೆಂಡಿನ ಜೂಲಿ ದ್ಯುಬುವಾ ಎಂಬವರನ್ನು ವಿವಾಹವಾದರು. ಅದೇ ವರ್ಷ ದಂಪತಿಗಳು ಮಂಗಳೂರಿಗೆ ಬಂದು ಬಾಸೆಲ್ ಮಿಷನ್ನನ್ನು ಸೇರಿದರು. 1839ರಲ್ಲಿ ತಲಶ್ಶೇರಿಯ ಇಲ್ಲಿಕ್ಕುನ್ನು ಎಂಬ ಗುಡ್ಡದ ಮೇಲಿನ ಬಂಗಲೆ ಅವರ ಮನೆಯಾಯಿತು. ಸರಿಸುಮಾರು ಅದೇ ಕಾಲದಲ್ಲಿ ನಮ್ಮ ಸುರಪುರದ ಗುಡ್ಡದ ಮೇಲೆ ಮೆಡೋಸ್ ಟೇಲರ್ ಮನೆ ಕಟ್ಟಿಕೊಂಡು ಸಂಸ್ಥಾನದ ಆಡಳಿತವನ್ನು ನೋಡುತ್ತಿದ್ದರು. ಒಬ್ಬರು ರಾಜ್ಯಭಾರದ ಲೆಕ್ಕಪತ್ರಗಳಲ್ಲಿ ಮುಳುಗಿದ್ದರೆ ಇನ್ನೊಬ್ಬರು ಪದಗಳ ಲೆಕ್ಕದಲ್ಲಿ ಮುಳುಗಿದ್ದರು.

ತಲಶ್ಶೇರಿಯಲ್ಲಿ ಗುಂಡರ್ಟ್ ಬರಿಯ ಬೋಧನೆಗೆ ಸೀಮಿತರಾಗಲಿಲ್ಲ. ಗಾದೆಗಳನ್ನು ಕೂಡಿಸಿದರು, ತಾಳೆಗರಿಗಳನ್ನು ಪ್ರತಿಮಾಡಿಸಿದರು, ಜನಪದ ಹಾಡುಗಳನ್ನೂ ಅರಮನೆಯ ಪತ್ರಗಳನ್ನೂ ಒಂದೇ ಆಸಕ್ತಿಯಿಂದ ಓದಿದರು. 1847ರಲ್ಲಿ ಅವರು ಹೊರತಂದ ‘ರಾಜ್ಯಸಮಾಚಾರಂ’ ಮಲಯಾಳದ ಮೊದಲ ಪತ್ರಿಕೆ ಎನಿಸಿದೆ. ಶ್ರೀಮತಿ ಜೂಲಿಯವರು ಹೆಣ್ಣುಮಕ್ಕಳ ಶಾಲೆಯನ್ನು ನಡೆಸಿದರು. 1857ರಲ್ಲಿ ಸರ್ಕಾರವು ಗುಂಡರ್ಟರನ್ನು ಮಲಬಾರ್ ಮತ್ತು ಕೆನರಾ ಜಿಲ್ಲೆಗಳ ಶಾಲಾ ತನಿಖಾಧಿಕಾರಿಯನ್ನಾಗಿ ನೇಮಿಸಿತು. ಹೀಗೆ ನಮ್ಮ ಕರಾವಳಿಯ ಕನ್ನಡ ಶಾಲೆಗಳೂ ಅವರ ಕಣ್ಣಳತೆಗೆ ಬಂದವು.

ಈ ಸೇವೆಗೆ ಅವರು ತೆತ್ತ ಬೆಲೆ ಸಣ್ಣದಲ್ಲ. ಮಗಳು ಮೇರಿ 1842ರಲ್ಲಿ ತಲಶ್ಶೇರಿಯಲ್ಲೇ ಹುಟ್ಟಿದವಳು. ಅಂದಿನ ಮಿಷನರಿ ಕುಟುಂಬಗಳ ರೂಢಿಯಂತೆ ಅವಳನ್ನು ಎಳವೆಯಲ್ಲೇ ಯೂರೋಪಿನಲ್ಲಿ ಬಿಟ್ಟುಬರಬೇಕಾಯಿತು. ಮತ್ತೆ ಅವಳು ಇಂಡಿಯಾಕ್ಕೆ ಬಂದದ್ದು 1857ರಲ್ಲಿ. ತಂದೆತಾಯಿಗಳಿಗೂ ಮಗಳಿಗೂ ನಡುವೆ ಒಂದು ಬಾಲ್ಯವೇ ಕಳೆದುಹೋಗಿತ್ತು. ಮಕ್ಕಳನ್ನು ದೂರದ ವಸತಿಶಾಲೆಗೆ ಕಳುಹಿಸಿದ ತಾಯಂದಿರು ನಮ್ಮಲ್ಲೂ ಇದ್ದಾರೆ. ಅವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ.

1859ರಲ್ಲಿ ಅನಾರೋಗ್ಯದಿಂದ ಗುಂಡರ್ಟ್ ಇಂಡಿಯಾವನ್ನು ಬಿಟ್ಟರು. ಆಗ ಅವರಿಗೆ 45 ವರ್ಷ. ಮತ್ತೆ ಈ ನೆಲವನ್ನು ಮೆಟ್ಟಲಿಲ್ಲ. ನಿಘಂಟು ಮಾತ್ರ ಇನ್ನೂ ಮುಗಿದಿರಲಿಲ್ಲ. ಜರ್ಮನಿಯ ಕಾಲ್ವ್ ಎಂಬ ಸಣ್ಣ ಊರಿನಲ್ಲಿ, ಸುತ್ತಮುತ್ತ ಮಲಯಾಳದ ಒಂದು ಸೊಲ್ಲೂ ಕೇಳಿಬಾರದ ಕಡೆಯಲ್ಲಿ, ಪ್ರಕಾಶನದ ಕೆಲಸದ ನಡುವೆ, ತಾವು ಕೂಡಿಟ್ಟ ಟಿಪ್ಪಣಿಗಳನ್ನು ಎದುರಿಗಿಟ್ಟುಕೊಂಡು ಅವರು ದುಡಿದರು. ಮಲಯಾಳ-ಇಂಗ್ಲಿಷ್ ನಿಘಂಟು ಅಚ್ಚಾಗಿ ಹೊರಬಂದದ್ದು 1872ರಲ್ಲಿ, ಹದಿಮೂರು ವರ್ಷಗಳ ಬಳಿಕ. ಅಚ್ಚಾದದ್ದು ನಮ್ಮ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ! ಕಿಟ್ಟೆಲರ ಕನ್ನಡ ನಿಘಂಟು ಅದೇ ಮಿಷನ್ನಿನ ಆಶ್ರಯದಲ್ಲಿ ಅದೇ ಮಂಗಳೂರಿನಿಂದ ಹೊರಬರಲು ಇನ್ನೂ 22 ವರ್ಷ ಕಾಯಬೇಕಿತ್ತು.

ಅದಕ್ಕೂ ಮೊದಲು ಕೊಟ್ಟಾಯಂನಲ್ಲಿ ಬೆಂಜಮಿನ್ ಬೈಲಿಯವರು 1846ರಲ್ಲಿ ಮಲಯಾಳ-ಇಂಗ್ಲಿಷ್, 1849ರಲ್ಲಿ ಇಂಗ್ಲಿಷ್-ಮಲಯಾಳ ನಿಘಂಟುಗಳನ್ನು ಮುದ್ರಿಸಿದ್ದರು. ಗುಂಡರ್ಟರ ಹಿರಿಮೆ ಬೇರೆ ಬಗೆಯದು. ಒಂದು ಕ್ರಿಯಾಪದವನ್ನು ಎತ್ತಿಕೊಂಡರೆ ಅದರ ಇಂಗ್ಲಿಷ್ ಅರ್ಥವನ್ನು ಹೇಳಿ ಅವರು ಕೈತೊಳೆದುಕೊಳ್ಳುವುದಿಲ್ಲ. ಅದರ ಬಗೆಬಗೆಯ ಬಳಕೆಗಳನ್ನು, ಅವು ಕಂಡುಬಂದ ಆಧಾರಗಳನ್ನು ಕೊಡುತ್ತಾರೆ. ತಮಿಳು, ಕನ್ನಡ, ತೆಲುಗು, ತುಳುಗಳ ಸೋದರ ಪದಗಳನ್ನು ಚಿಕ್ಕ ಗುರುತಿನೊಡನೆ ತೋರಿಸುತ್ತಾರೆ. ಕನ್ನಡಿಗನು ಆ ಮಲಯಾಳ ನಿಘಂಟನ್ನು ತೆರೆದರೆ ತನ್ನ ಮನೆಯ ಮಾತುಗಳೇ ಎದುರಾಗುತ್ತವೆ. ಕಾಣುಕ, ವರುಕ, ಕೆಡುಕ ಎಂಬಿವುಗಳ ಪಕ್ಕದಲ್ಲಿ ಕಾಣು, ಬರು, ಕೆಡುಗಳನ್ನು ಇಟ್ಟು ನೋಡಲು ಪಂಡಿತನೇ ಆಗಬೇಕಿಲ್ಲ.

ಇನ್ನು ನಮಗೆ ಹತ್ತಿರವಾದ ಮಾತು. ಗುಂಡರ್ಟರ ಆಧಾರಗಳಲ್ಲಿ ವೆರಾಪ್ಪೊಳಿಯ ಕಥೋಲಿಕ ಮಿಷನರಿಗಳ ಹಸ್ತಪ್ರತಿ ನಿಘಂಟುಗಳೂ ಇದ್ದವು. ಅಲ್ಲಿಂದ ಬಂದುದನ್ನು ಅವರು ಮುಚ್ಚಿಡದೆ ಗುರುತಿಸಿದರು. ಕೇರಳದಲ್ಲಿ ಕಥೋಲಿಕ ಗುರುಗಳ ನಿಘಂಟು ಕಾರ್ಯ ಬಹು ಹಿಂದಿನದು. ಅರ್ಣೋಸ್ ಪಾದಿರಿ ಎಂದು ಜನ ಕರೆದ ಯೇಸುಸಭೆಯ ಜೊಹಾನ್ ಅರ್ನ್‌ಸ್ಟ್ ಹ್ಯಾಂಕ್ಸ್‌ಲೇಡನ್ ಸ್ವಾಮಿಗಳು ತೃಶ್ಶೂರಿನ ಬಳಿಯ ವೇಲೂರಿನಲ್ಲಿ ವಾಸಿಸಿ, ಮಲಯಾಳ-ಪೋರ್ಚುಗೀಸ್ ನಿಘಂಟಿನಲ್ಲಿ ತೊಡಗಿ, 1732ರಲ್ಲಿ ತೀರಿಕೊಂಡರು. ಅವರ ‘ಪುತ್ತನ್ ಪಾನ’ವನ್ನು ಕೇರಳದ ಕಥೋಲಿಕ ಮನೆಗಳಲ್ಲಿ ತಪಸ್ಸುಕಾಲದಲ್ಲಿ ಇಂದಿಗೂ ಹಾಡುತ್ತಾರೆ. ಎರಡು ಪಂಗಡಗಳು ಪರಸ್ಪರರನ್ನು ಸಂಶಯದಿಂದ ನೋಡುತ್ತಿದ್ದ ಆ ಶತಮಾನದಲ್ಲಿ ಒಬ್ಬ ಪ್ರೊಟೆಸ್ಟಂಟ್ ಪಂಡಿತರು ಕಥೋಲಿಕ ಗುರುಗಳ ದುಡಿಮೆಯನ್ನು ಹೀಗೆ ಗೌರವದಿಂದ ಬಳಸಿಕೊಂಡದ್ದು ನಮಗೆ ನಿಘಂಟಿನಷ್ಟೇ ದೊಡ್ಡ ಸಂಗತಿಯಾಗಿ ತೋರುತ್ತದೆ.

ಜೂಲಿಯವರು 1885ರಲ್ಲಿ, ಗುಂಡರ್ಟರು 1893ರ ಏಪ್ರಿಲ್ 25ರಂದು ಕಾಲ್ವ್‌ನಲ್ಲಿ ಕಣ್ಮುಚ್ಚಿದರು. ಆಗ 15 ವರ್ಷದವನಾಗಿದ್ದ ಮೇರಿಯ ಮಗ, ಹಲವು ಭಾಷೆಗಳನ್ನು ಬಲ್ಲ ಆ ಅಜ್ಜನನ್ನು ಬೆರಗಿನಿಂದ ನೋಡುತ್ತ ಬೆಳೆದವನು, ಮುಂದೆ 1946ರಲ್ಲಿ ಸಾಹಿತ್ಯದ ನೊಬೆಲ್ ಪ್ರಶಸ್ತಿ ಪಡೆದ ಹರ್ಮನ್ ಹೆಸ್ಸೆ. ಗುಂಡರ್ಟರು ಕೂಡಿಸಿದ ಹಸ್ತಪ್ರತಿಗಳು ಟ್ಯೂಬಿಂಗನ್ ವಿಶ್ವವಿದ್ಯಾನಿಲಯದ ಗ್ರಂಥಾಲಯದಲ್ಲಿವೆ. 2018ರಿಂದ ಅವುಗಳನ್ನು ಅಂತರ್ಜಾಲದಲ್ಲಿಯೂ ನೋಡಬಹುದಾಗಿದೆ. ನಮ್ಮ ಮಲಯಾಳಿ ಮನೆಗಳ ಮಕ್ಕಳು ಒಂದು ಸಂಜೆ ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ನಿಘಂಟನ್ನು ತೆರೆದು ‘ತ’ ಅಕ್ಷರದ ಕೆಳಗೆ ಹುಡುಕಲಿ. ಅಕ್ಷರವನ್ನು ಓದಿಕೊಡಲು ಅಜ್ಜಿಯೇ ಬೇಕಾಗಬಹುದು.