ಸುಂದರೀಜಲದ ಬಂದಿ: ಬಿ. ಪಿ. ಕೊಯಿರಾಲಾ

ನೇಪಾಳದ ಪ್ರಧಾನಮಂತ್ರಿಗಳ ಪಟ್ಟಿ ಉದ್ದವಾದುದು. ಅದರಲ್ಲಿ ವಿಶ್ವೇಶ್ವರ ಪ್ರಸಾದ ಕೊಯಿರಾಲಾ ಅವರ ಅಧಿಕಾರಾವಧಿ ಪೂರ್ತಿ ಹತ್ತೊಂಬತ್ತು ತಿಂಗಳೂ ಅಲ್ಲ. ಆದರೂ ಆ ದೇಶದಲ್ಲಿ ಬಿ. ಪಿ. ಎಂದರೆ ಸಾಕು, ಮುಂದಿನ ಹೆಸರನ್ನು ಯಾರೂ ಕೇಳುವುದಿಲ್ಲ. ನಮ್ಮ ವಿದ್ಯಾರ್ಥಿಗಳಲ್ಲಿ ಕೆಲವರು ಅವರನ್ನು ಚಿತ್ರನಟಿ ಮನೀಷಾ ಕೊಯಿರಾಲಾ ಅವರ ಅಜ್ಜ ಎಂದಷ್ಟೇ ಬಲ್ಲರು.

ಅವರು ಹುಟ್ಟಿದ್ದು 1914ರ ಸೆಪ್ಟೆಂಬರಿನಲ್ಲಿ, ಕಾಶಿಯಲ್ಲಿ. ತಂದೆ ಕೃಷ್ಣಪ್ರಸಾದರು ವಿರಾಟನಗರದ ವರ್ತಕರು, ಸಮಾಜ ಸುಧಾರಕರು. ಆಗ ನೇಪಾಳದಲ್ಲಿ ರಾಜರು ಹೆಸರಿಗೆ ಮಾತ್ರ. ಆಳ್ವಿಕೆಯೆಲ್ಲ ರಾಣಾ ಮನೆತನದ ವಂಶಪಾರಂಪರ್ಯ ಪ್ರಧಾನಿಗಳ ಕೈಯಲ್ಲಿತ್ತು. ಬಡ ರೈತನೊಬ್ಬನ ಹರಕು ಬಟ್ಟೆಯನ್ನು ಗಂಟು ಕಟ್ಟಿ ಕೃಷ್ಣಪ್ರಸಾದರು ಪ್ರಧಾನಿ ಚಂದ್ರ ಶಂಶೇರರಿಗೆ ಕಳುಹಿಸಿಕೊಟ್ಟರೆಂಬ ಕಥೆ ಇಂದಿಗೂ ಜನಜನಿತವಾಗಿದೆ. ಪ್ರಜೆಗಳ ದೈನ್ಯವನ್ನು ಅರುಹಲು ಅವರಿಗೆ ತೋಚಿದ ಬಿನ್ನವತ್ತಳೆ ಅದು. ಅದರ ಫಲವಾಗಿ ಆಸ್ತಿಯೆಲ್ಲ ಮುಟ್ಟುಗೋಲಾಗಿ, ಸಂಸಾರ ಗಡಿ ದಾಟಿ ಭಾರತಕ್ಕೆ ಬಂದಿತು. ಬಾಲಕ ವಿಶ್ವೇಶ್ವರನಿಗೆ ಬುದ್ಧಿ ತಿಳಿದದ್ದೇ ದೇಶಭ್ರಷ್ಟರ ಮನೆಯಲ್ಲಿ.

ಹೀಗಾಗಿ ಅವರ ವಿದ್ಯಾಭ್ಯಾಸ ಬನಾರಸಿನಲ್ಲಿ ನಡೆಯಿತು. ಕಾನೂನಿನ ಓದು ಕಲ್ಕತ್ತೆಯಲ್ಲಿ. ಮೊದಲು ಬರೆದದ್ದು ಹಿಂದಿಯಲ್ಲಿ, ಆ ಕಥೆಗಳು ಪ್ರೇಮಚಂದರ ‘ಹಂಸ್’ ಪತ್ರಿಕೆಯಲ್ಲಿ ಬಂದವು. 1935ರಲ್ಲಿ ‘ಚಂದ್ರವದನ’ ಎಂಬ ನೇಪಾಳಿ ಕಥೆ ‘ಶಾರದಾ’ ಪತ್ರಿಕೆಯಲ್ಲಿ ಪ್ರಕಟವಾಯಿತು. ಶಾಲೆಯಲ್ಲೊಂದು ನುಡಿ, ಮನೆಯಲ್ಲೊಂದು ನುಡಿ ಎಂದು ಬೆಳೆದ ನಮ್ಮಂಥವರಿಗೆ ಈ ಸ್ಥಿತ್ಯಂತರದ ಬೆಲೆ ತಿಳಿಯದೆ ಇರದು. ರಾಜಕೀಯದಲ್ಲೂ ಅವರ ಅಕ್ಷರಾಭ್ಯಾಸ ಭಾರತದಲ್ಲೇ ಆಯಿತು. ಜಯಪ್ರಕಾಶ ನಾರಾಯಣ, ಲೋಹಿಯಾ ಮೊದಲಾದ ಸಮಾಜವಾದಿಗಳ ಒಡನಾಟ ದೊರೆಯಿತು. 1942ರ ಚಳವಳಿಯಲ್ಲಿ ಬ್ರಿಟಿಷರ ಸೆರೆಮನೆಯೂ ದೊರೆಯಿತು.

ಭಾರತ ಸ್ವತಂತ್ರವಾಗುವ ವರ್ಷದಲ್ಲೇ ಅವರು ಕಲ್ಕತ್ತೆಯಲ್ಲಿ ನೇಪಾಳಿ ರಾಷ್ಟ್ರೀಯ ಕಾಂಗ್ರೆಸ್ಸಿನ ಸ್ಥಾಪನೆಗೆ ಮುಂದಾದರು. ಅದೇ 1947ರ ಮಾರ್ಚಿನಲ್ಲಿ ವಿರಾಟನಗರದ ಸೆಣಬಿನ ಗಿರಣಿಯ ಕಾರ್ಮಿಕರ ಮುಷ್ಕರದಲ್ಲಿ ಬಂಧಿತರಾದರು. ಬಂದಿಗಳನ್ನು ಗುಡ್ಡಗಾಡಿನ ಹಾದಿಯಲ್ಲಿ ಕಾಲ್ನಡಿಗೆಯಿಂದ ಕಾಠ್ಮಂಡುವಿಗೆ ಒಯ್ಯಲಾಯಿತು. 1950ರಲ್ಲಿ ರಾಜ ತ್ರಿಭುವನರು ಭಾರತೀಯ ರಾಯಭಾರ ಕಚೇರಿಯಲ್ಲಿ ಆಶ್ರಯ ಪಡೆದು ದಿಲ್ಲಿಗೆ ಬಂದಾಗ, ನೇಪಾಳಿ ಕಾಂಗ್ರೆಸ್ಸು ಆಯುಧ ಹಿಡಿದು ಎದ್ದಿತು. ರಾಣಾ ಆಡಳಿತ ಕುಸಿಯಿತು. ಆದರೆ 1951ರ ದಿಲ್ಲಿ ಒಪ್ಪಂದದಿಂದ ರಚಿತವಾದದ್ದು ಅದೇ ರಾಣಾ ಪ್ರಧಾನಿಯ ಕೆಳಗಿನ ಸಂಮಿಶ್ರ ಸರ್ಕಾರ, ಬಿ. ಪಿ. ಅದರಲ್ಲಿ ಗೃಹಮಂತ್ರಿ. ಪೊಲೀಸರ ಗುಂಡಿಗೆ ವಿದ್ಯಾರ್ಥಿಯೊಬ್ಬನು ಬಲಿಯಾದ ಬಳಿಕ ಆ ಸರ್ಕಾರ ಉಳಿಯಲಿಲ್ಲ. ಮುಂದಿನ ಪ್ರಧಾನಿ ಪಟ್ಟವನ್ನು ರಾಜರು ಅವರ ಅಣ್ಣ ಮಾತೃಕಾ ಪ್ರಸಾದರಿಗೆ ಕೊಟ್ಟರು, ಅಣ್ಣತಮ್ಮಂದಿರ ನಡುವೆ ಬಿರುಕು ಬೆಳೆಯಿತು. ಆ ವೈಮನಸ್ಯದ ವಿವರ ಇಲ್ಲಿ ಬೇಡ.

1959ರಲ್ಲಿ ನೇಪಾಳದ ಮೊದಲ ಸಾರ್ವತ್ರಿಕ ಚುನಾವಣೆ ನಡೆಯಿತು. 109 ಸ್ಥಾನಗಳಲ್ಲಿ 74 ನೇಪಾಳಿ ಕಾಂಗ್ರೆಸ್ಸಿಗೆ. ಮೇ 27ರಂದು ಬಿ. ಪಿ. ಪ್ರಧಾನಿಯಾದರು. ದ್ವಾರಿಕಾ ದೇವಿ ಠಕುರಾನಿ ಎಂಬ ಮಹಿಳೆಯನ್ನು ಮಂತ್ರಿಮಂಡಲಕ್ಕೆ ಸೇರಿಸಿಕೊಂಡರು. ನಮ್ಮ ಕಡೆಯ ಇನಾಮು ಭೂಮಿಯಂತೆ ಅಲ್ಲಿ ಬಿರ್ತಾ ಎಂಬುದಿತ್ತು: ಅರಮನೆಯ ಕೃಪೆಯಿಂದ ಬಂದ, ಕಂದಾಯವಿಲ್ಲದ ನೆಲ. ಅದನ್ನು ಕಾನೂನಿನಿಂದ ರದ್ದುಗೊಳಿಸಿದರು. ಭಾರತದೊಡನೆ ಗಂಡಕಿ ನದಿಯ ಒಪ್ಪಂದ, ಚೀನದೊಡನೆ ಶಾಂತಿ ಮೈತ್ರಿಗಳ ಒಪ್ಪಂದ ಈ ಅವಧಿಯವು. ಎವರೆಸ್ಟಿನ ಮೇಲೆ ಚೀನ ಹಕ್ಕು ಸಾಧಿಸಲು ಬಂದಾಗ ಅವರು ಬಗ್ಗಲಿಲ್ಲ. ಬಿರ್ತಾದ ಒಡೆಯರು ಮಾತ್ರ ಸುಮ್ಮನಿರಲಿಲ್ಲ. ಅರಮನೆಗೂ ಜನರಿಂದ ಆಯ್ಕೆಯಾಗಿ ಬಂದ ಪ್ರಧಾನಿಯ ಪ್ರಭಾವ ಸಹನೆಯಾಗಲಿಲ್ಲ. 1960ರ ಡಿಸೆಂಬರ್ 15ರಂದು ತಮ್ಮ ಪಕ್ಷದ ತರುಣರ ಸಮಾವೇಶದಲ್ಲಿದ್ದ ಬಿ. ಪಿ.ಯವರನ್ನು ರಾಜ ಮಹೇಂದ್ರರ ಸೈನಿಕರು ಬಂಧಿಸಿದರು. ಸಂಸತ್ತೂ ವಿಸರ್ಜಿತವಾಯಿತು.

ವಿಚಾರಣೆಯೇ ಇಲ್ಲದೆ ಸುಂದರೀಜಲದ ಸೈನಿಕ ಶಿಬಿರದಲ್ಲಿ ಸುಮಾರು ಎಂಟು ವರ್ಷ ಸೆರೆ. ಅಲ್ಲಿ ಅವರೊಳಗಿನ ಕಥೆಗಾರ ಮತ್ತೆ ಎಚ್ಚತ್ತನು. ದಿನಚರಿಯನ್ನೂ ಕಾದಂಬರಿಗಳನ್ನೂ ಬರೆದರು. ಬ್ರಾಹ್ಮಣ ಹುಡುಗ ಹಾಗೂ ಕಿರಾತ ಹುಡುಗಿಯ ಕಥೆಯಾದ ‘ಸುಮ್ನಿಮಾ’ದಲ್ಲಿ ದೇಹವನ್ನು ದಂಡಿಸುವ ವೈದಿಕ ಶ್ರದ್ಧೆಯೂ ಮಣ್ಣಿನ ಸಹಜ ಬದುಕೂ ಮುಖಾಮುಖಿಯಾಗುತ್ತವೆ. ರಾಜಕಾರಣಿಯೊಬ್ಬನು ಸೆರೆಯಲ್ಲಿ ಕುಳಿತು ಬರೆದ ಕೃತಿಯಲ್ಲಿ ರಾಜಕಾರಣವೇ ಕಾಣುವುದಿಲ್ಲ. ನನ್ನ ಎಣಿಕೆಯಲ್ಲಿ, ಅವರ ಸಾಹಿತ್ಯದ ದೊಡ್ಡ ಗುಣವೇ ಅದು.

1968ರಲ್ಲಿ ಬಿಡುಗಡೆ, ಮತ್ತೆ ಭಾರತದಲ್ಲಿ ವನವಾಸ. ಆ ಕಾಲದ ಬಿ. ಪಿ.ಯವರನ್ನು ಒಪ್ಪಿಕೊಳ್ಳುವುದು ನನಗೆ ಸುಲಭವಲ್ಲ. ಅವರ ಪಕ್ಷ ಪುನಃ ಶಸ್ತ್ರಕ್ಕೆ ಕೈಯಿಕ್ಕಿತು. 1973ರಲ್ಲಿ ವಿರಾಟನಗರದಿಂದ ಹೊರಟ ವಿಮಾನವನ್ನು ಪಕ್ಷದ ತರುಣರು ಅಪಹರಿಸಿ ಬಿಹಾರದ ಫಾರ್ಬಿಸ್‌ಗಂಜಿನಲ್ಲಿ ಇಳಿಸಿ, ಬ್ಯಾಂಕಿನ ಹಣವನ್ನು ಒಯ್ದರು. ಬೇರೆ ಪ್ರಯತ್ನಗಳು ವಿಫಲವಾಗಿ ಪ್ರಾಣಗಳು ಹೋದವು. ಅಷ್ಟರಲ್ಲಿ ಭಾರತದಲ್ಲಿ ತುರ್ತು ಪರಿಸ್ಥಿತಿ ಬಂದು, ಹಳೆಯ ಮಿತ್ರರೇ ಸೆರೆಯಲ್ಲಿದ್ದರು. ಮರಣದಂಡನೆಗೆ ಗುರಿಮಾಡಬಲ್ಲ ಆರೋಪಗಳು ಕಾಠ್ಮಂಡುವಿನಲ್ಲಿ ಕಾದಿದ್ದರೂ, 1976ರ ಡಿಸೆಂಬರ್ 30ರಂದು ಬಿ. ಪಿ. ರಾಷ್ಟ್ರೀಯ ಮೇಳವಣಿಗೆಯ ನೀತಿಯನ್ನು ಸಾರಿ, ಗಣೇಶಮಾನ್ ಸಿಂಗರೊಡನೆ ತಾಯ್ನಾಡಿಗೆ ಮರಳಿದರು. ವಿಮಾನ ನಿಲ್ದಾಣದಲ್ಲೇ ಬಂಧನವಾಯಿತು. ಗಂಟಲಿನ ಕ್ಯಾನ್ಸರಿನ ಚಿಕಿತ್ಸೆಗೆ ಅಮೆರಿಕಕ್ಕೆ ಹೋದವರು ಅಲ್ಲೇ ಉಳಿಯಬಹುದಿತ್ತು. ತಿರುಗಿ ಬಂದು ಮತ್ತೆ ಬಂಧಿತರಾದರು. ಅವರ ಕೊರಳು ಉಳಿಯಿತು. ಆದರೆ ಹಿಂದಿನ ಸಶಸ್ತ್ರ ಯತ್ನಗಳ ಸಲುವಾಗಿ ಯಜ್ಞಬಹಾದುರ್ ಥಾಪಾ, ಭೀಮನಾರಾಯಣ ಶ್ರೇಷ್ಠ ಎಂಬ ಅವರ ಪಕ್ಷದವರು 1979ರಲ್ಲಿ ಪ್ರಾಣ ತೆತ್ತರು. ನಾಯಕನ ಚರಿತ್ರೆಯಲ್ಲಿ ಈ ಇಬ್ಬರ ಹೆಸರು ಬಿಟ್ಟುಹೋಗಬಾರದು.

ಆ ವರ್ಷ ವಿದ್ಯಾರ್ಥಿಗಳ ಚಳವಳಿಗೆ ಮಣಿದ ರಾಜ ಬೀರೇಂದ್ರರು ಜನಮತಗಣನೆ ಘೋಷಿಸಿದರು. 1980ರ ಮೇ ತಿಂಗಳಲ್ಲಿ ಬಹುಪಕ್ಷ ಪದ್ಧತಿಗೆ ಶೇಕಡಾ 45ರಷ್ಟು ಮತ ಬಿದ್ದು, ಪಕ್ಷರಹಿತ ಪಂಚಾಯತಿಯೇ ಗೆದ್ದಿತು. ಅಕ್ರಮದ ಮಾತು ಬಲವಾಗಿತ್ತು. ಬಿ. ಪಿ. ಸೋಲನ್ನು ಒಪ್ಪಿಕೊಂಡರು, ಅನುಯಾಯಿಗಳಲ್ಲಿ ಹಲವರಿಗೆ ಅದು ಹಿಡಿಸಲಿಲ್ಲ.

ಕಡೆಯ ದಿನಗಳಲ್ಲಿ ಅವರು ತಮ್ಮ ಜೀವನವೃತ್ತಾಂತವನ್ನು ಧ್ವನಿಮುದ್ರಣ ಯಂತ್ರದ ಮುಂದೆ ಹೇಳತೊಡಗಿದರು. ಬರೆಯುವಷ್ಟು ಶಕ್ತಿಯಿರಲಿಲ್ಲ, ಗಂಟಲಿನಲ್ಲಿ ವ್ಯಾಧಿಯಿತ್ತು. 1982ರ ಜುಲೈ 21ರಂದು ಕಾಠ್ಮಂಡುವಿನಲ್ಲಿ ತೀರಿಕೊಂಡರು. ಅಂತ್ಯಯಾತ್ರೆಗೆ ಜನಸಾಗರವೇ ಸೇರಿತ್ತು. ಆ ಸುರುಳಿಗಳಲ್ಲಿದ್ದ ಮಾತು ‘ಆತ್ಮವೃತ್ತಾಂತ’ ಎಂಬ ಪುಸ್ತಕವಾಗಿ ಹೊರಬಂದದ್ದು ಅವರು ತೀರಿಕೊಂಡು ಹಲವು ವರ್ಷಗಳ ಮೇಲೆ, ನೇಪಾಳದಲ್ಲಿ ಪಕ್ಷಗಳು ಮತ್ತೆ ಚುನಾವಣೆಗೆ ನಿಲ್ಲತೊಡಗಿದ ನಂತರ.