ತೂಗಿ ನೋಡಿದ ಲೆವಾಸಿಯೆ

ಒಲೆಗೆ ಹಾಕಿದ ಸೌದೆ ಉರಿದ ಮೇಲೆ ಏನು ಉಳಿಯುತ್ತದೆ? ಒಂದಿಷ್ಟು ಬೂದಿ. ಐದು ಕಿಲೋ ಸೌದೆ ಉರಿಸಿದರೂ ಸಿಗುವುದು ಒಂದೆರಡು ಬೊಗಸೆ ಬೂದಿ ಅಷ್ಟೆ. ಹಾಗಾದರೆ ಉಳಿದದ್ದೆಲ್ಲ ಎಲ್ಲಿಗೆ ಹೋಯಿತು? ನಿಮ್ಮ ತರಗತಿಯಲ್ಲಿ ಕೇಳಿ ನೋಡಿ. ಸುಟ್ಟು ಇಲ್ಲವಾಯಿತು ಎಂದೇ ಹೆಚ್ಚಿನವರು ಹೇಳುತ್ತಾರೆ.

ಇನ್ನೊಂದು ಪ್ರಶ್ನೆ. ಒಂದು ಕಬ್ಬಿಣದ ಮೊಳೆಗೆ ಚೆನ್ನಾಗಿ ತುಕ್ಕು ಹಿಡಿದಿದೆ. ಉದುರಿದ ಪುಡಿಯನ್ನೂ ಬಿಡದೆ ಸೇರಿಸಿ, ಒಣಗಿಸಿ ತೂಗಿದರೆ ತೂಕ ಮೊದಲಿಗಿಂತ ಕಡಿಮೆಯೋ, ಹೆಚ್ಚೋ? ತುಕ್ಕು ಕಬ್ಬಿಣವನ್ನು ತಿಂದುಹಾಕುತ್ತದೆ, ಆದ್ದರಿಂದ ಕಡಿಮೆ ಎನ್ನುತ್ತೀರಾ? ಇಲ್ಲ, ತೂಕ ಹೆಚ್ಚಾಗಿರುತ್ತದೆ!

ತಪ್ಪು ಉತ್ತರ ಹೇಳಿದ್ದರೆ ನಾಚಿಕೊಳ್ಳಬೇಡಿ. ಸುಮಾರು ಇನ್ನೂರೈವತ್ತು ವರ್ಷಗಳ ಹಿಂದೆ ಯುರೋಪಿನ ದೊಡ್ಡ ದೊಡ್ಡ ವಿದ್ವಾಂಸರೂ ಇಂಥ ಪ್ರಶ್ನೆಗಳ ಮುಂದೆ ತಡವರಿಸುತ್ತಿದ್ದರು. ಉರಿಯುವ ಪ್ರತಿಯೊಂದು ವಸ್ತುವಿನಲ್ಲೂ ಫ್ಲೊಜಿಸ್ಟನ್ ಎಂಬ ಪದಾರ್ಥ ಅಡಗಿದೆ, ಉರಿಯುವಾಗ ಅದು ಹೊರಟುಹೋಗುತ್ತದೆ ಎಂದು ಅವರು ನಂಬಿದ್ದರು. ಫ್ಲೊಜಿಸ್ಟನ್ನನ್ನು ಯಾರೂ ಕಂಡಿರಲಿಲ್ಲ. ಲೋಹವನ್ನು ಕಾಸಿ ಭಸ್ಮ ಮಾಡಿದರೆ ತೂಕ ಹೆಚ್ಚುತ್ತದೆ ಎಂಬುದು ಮಾತ್ರ ಹಲವರಿಗೆ ಗೊತ್ತಿತ್ತು. ಏನೋ ಹೊರಗೆ ಹೋದರೆ ತೂಕ ಹೆಚ್ಚುವುದು ಹೇಗೆ? ಫ್ಲೊಜಿಸ್ಟನ್ನಿನ ತೂಕ ಸೊನ್ನೆಗಿಂತ ಕಡಿಮೆ ಇರಬಹುದು ಎಂದು ವಾದಿಸಿದವರೂ ಇದ್ದರು ನೋಡಿ!

ಈ ಗೊಂದಲವನ್ನು ಬಿಡಿಸಿದವನು ಫ್ರಾನ್ಸಿನ ಆಂತ್ವಾನ್ ಲೆವಾಸಿಯೆ. ಅವನ ಆಯುಧ ತಕ್ಕಡಿ.

ಲೆವಾಸಿಯೆ ಹುಟ್ಟಿದ್ದು 1743ರ ಆಗಸ್ಟ್ 26ರಂದು, ಪ್ಯಾರಿಸ್ ನಗರದಲ್ಲಿ. ತಂದೆ ವಕೀಲರು, ಅನುಕೂಲಸ್ಥ ಮನೆತನ. ಐದು ವರ್ಷದವನಿದ್ದಾಗಲೇ ತಾಯಿ ತೀರಿಕೊಂಡಳು. ತಂದೆಯಂತೆ ಇವನೂ ಕಾನೂನು ಓದಿ ಪದವಿ ಪಡೆದ. ಆದರೆ ಮನಸ್ಸೆಲ್ಲ ವಿಜ್ಞಾನದ ಕಡೆಗೆ. 1768ರಲ್ಲಿ, ಇನ್ನೂ 24 ವರ್ಷದವನಿದ್ದಾಗ, ಫ್ರಾನ್ಸಿನ ವಿಜ್ಞಾನ ಅಕಾಡೆಮಿಯ ಸದಸ್ಯನಾದ.

ಆ ವರ್ಷವೇ ಅವನೊಂದು ವಿಚಿತ್ರ ಪ್ರಯೋಗಕ್ಕೆ ಕೈಹಾಕಿದ. ನೀರನ್ನು ತುಂಬ ಹೊತ್ತು ಕಾಯಿಸಿದರೆ ಅದು ಮಣ್ಣಾಗುತ್ತದೆ ಎಂದು ಆಗ ಹಲವರು ನಂಬಿದ್ದರು. ಯಾಕೆಂದರೆ ಗಾಜಿನ ಪಾತ್ರೆಯಲ್ಲಿ ಶುದ್ಧ ನೀರನ್ನು ಕುದಿಸಿದರೂ ಕೊನೆಗೆ ತಳದಲ್ಲಿ ಮಣ್ಣಿನಂಥ ಪುಡಿ ಕಾಣುತ್ತಿತ್ತು. ಕಣ್ಣಿಗೆ ಕಂಡದ್ದನ್ನು ಇಲ್ಲವೆನ್ನುವುದು ಹೇಗೆ?

ಲೆವಾಸಿಯೆ ಮಳೆನೀರನ್ನು ಮತ್ತೆ ಮತ್ತೆ ಭಟ್ಟಿ ಇಳಿಸಿ ಶುದ್ಧಮಾಡಿದ. ಒಂದು ವಿಶೇಷ ಗಾಜಿನ ಪಾತ್ರೆಯನ್ನು ಮೊದಲು ಖಾಲಿಯಾಗಿ ತೂಗಿದ. ನೀರು ತುಂಬಿ ಮುಚ್ಚಿ ಮತ್ತೆ ತೂಗಿದ. ಆ ಪಾತ್ರೆಯ ಹೆಸರು ಪೆಲಿಕನ್, ಅಂದರೆ ಹೆಜ್ಜಾರ್ಲೆ ಹಕ್ಕಿ. ಹಕ್ಕಿ ಕೊಕ್ಕನ್ನು ಎದೆಗೆ ಒತ್ತಿಕೊಂಡಂತೆ ಅದರ ಕೊಳವೆಗಳು ಬಾಗಿ ಮರಳಿ ಪಾತ್ರೆಯೊಳಗೇ ಸೇರುತ್ತಿದ್ದವು. ಹಾಗಾಗಿ ಆವಿ ಹೊರಗೆ ಹೋಗದೆ ತಣಿದು ಮತ್ತೆ ನೀರಾಗಿ ಒಳಗೇ ಬೀಳುತ್ತಿತ್ತು. ಅದನ್ನು ಬೆಂಕಿಯ ಮೇಲಿಟ್ಟು 101 ದಿನ ಕಾಯಿಸಿದ. ಮೂರು ತಿಂಗಳಿಗೂ ಹೆಚ್ಚು!

ನೀರಿನಲ್ಲಿ ಪುಡಿಯೇನೋ ಕಾಣಿಸಿಕೊಂಡಿತು. ಆದರೆ ಮುಚ್ಚಿದ ಪಾತ್ರೆಯ ಒಟ್ಟು ತೂಕ ಬದಲಾಗಿರಲಿಲ್ಲ. ಆಮೇಲೆ ನೀರು ತೆಗೆದು ಖಾಲಿ ಪಾತ್ರೆಯನ್ನು ತೂಗಿದ. ಅದರ ತೂಕ ಕಡಿಮೆಯಾಗಿತ್ತು. ಎಷ್ಟು ಕಡಿಮೆಯಾಗಿತ್ತೋ ಸಿಕ್ಕ ಪುಡಿಯೂ ಹೆಚ್ಚುಕಡಿಮೆ ಅಷ್ಟೇ ಇತ್ತು. ಅಂದರೆ ಮಣ್ಣಿನಂಥ ಪುಡಿ ಬಂದದ್ದು ನೀರಿನಿಂದಲ್ಲ, ಸವೆದ ಗಾಜಿನಿಂದ. (ನಿಮ್ಮ ಮನೆಯ ನೀರು ಕಾಯಿಸುವ ಹಂಡೆಯಲ್ಲಿ ಬಿಳಿ ಕರೆ ಕಟ್ಟುವುದು ಬೇರೆ ಕಾರಣಕ್ಕೆ. ಆ ನೀರಿನಲ್ಲಿ ಮೊದಲೇ ಲವಣಗಳು ಕರಗಿರುತ್ತವೆ.)

ಮೊದಲು ತೂಗು, ಆಮೇಲೆ ತೂಗು, ನಡುವೆ ಏನನ್ನೂ ಒಳಗೆ ಹೊರಗೆ ಬಿಡಬೇಡ. ಈ ಉಪಾಯವನ್ನು ಅವನು ಮುಂದೆ ಬೆಂಕಿಯ ವಿಚಾರಕ್ಕೂ ಬಳಸಿದ. 1772ರಲ್ಲಿ ಗಂಧಕವನ್ನೂ ರಂಜಕವನ್ನೂ ಉರಿಸಿ, ಅವುಗಳ ತೂಕ ಉರಿದ ಮೇಲೆ ಹೆಚ್ಚುತ್ತದೆ ಎಂದು ಕಂಡುಕೊಂಡ. ಇದನ್ನು ಬರೆದು, ಲಕೋಟೆಗೆ ಮುದ್ರೆ ಒತ್ತಿ ಅಕಾಡೆಮಿಯಲ್ಲಿ ಇರಿಸಿದ. ಬೇರೆ ಯಾರಾದರೂ ತಾನೇ ಮೊದಲು ಕಂಡೆ ಎಂದರೆ ಸಾಕ್ಷಿ ಬೇಕಲ್ಲ!

1774ರಲ್ಲಿ ತವರದ ಸರದಿ. ಗಾಜಿನ ಪಾತ್ರೆಯಲ್ಲಿ ತವರ ಇಟ್ಟು, ಬಾಯಿ ಪೂರ್ತಿ ಮುಚ್ಚಿ, ತೂಗಿ, ಕಾಸಿದ. ತವರದ ಮೇಲ್ಭಾಗ ಭಸ್ಮವಾಯಿತು. ಪಾತ್ರೆ ತಣಿದ ಮೇಲೆ ಮತ್ತೆ ತೂಗಿದ. ತೂಕ ಅಷ್ಟೇ ಇತ್ತು. ಬಾಯಿ ತೆರೆದಾಗ ಮಾತ್ರ ಹೊರಗಿನ ಗಾಳಿ ಸುಯ್ಯೆಂದು ಒಳಗೆ ನುಗ್ಗಿತು, ಆಗ ತೂಕ ಹೆಚ್ಚಿತು. ಸುಮಾರು ನೂರು ವರ್ಷ ಮೊದಲು ಇಂಗ್ಲೆಂಡಿನ ರಾಬರ್ಟ್ ಬಾಯ್ಲ್ ಕೂಡ ತವರವನ್ನು ಹೀಗೆ ಕಾಸಿದ್ದ. ಆದರೆ ಪಾತ್ರೆ ತೆರೆದ ಮೇಲೆ ತೂಗಿದ್ದರಿಂದ, ಬೆಂಕಿಯ ಕಣಗಳು ಗಾಜನ್ನು ದಾಟಿ ಒಳಗೆ ಸೇರಿವೆ ಎಂದುಕೊಂಡಿದ್ದ. ತೆರೆಯುವ ಮೊದಲು ತೂಗುವುದೋ, ತೆರೆದ ಮೇಲೆ ತೂಗುವುದೋ, ಅಷ್ಟರಲ್ಲೇ ಇತ್ತು ವ್ಯತ್ಯಾಸ.

ತವರಕ್ಕೆ ಸೇರಿಕೊಂಡದ್ದು ಪಾತ್ರೆಯೊಳಗಿದ್ದ ಗಾಳಿ. ಇಡೀ ಗಾಳಿಯೇ, ಅದರ ಒಂದು ಭಾಗವೇ? ಆ ವರ್ಷದ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ ಪ್ಯಾರಿಸ್ಸಿಗೆ ಬಂದ. ಪಾದರಸದ ಕೆಂಪು ಭಸ್ಮವನ್ನು ಕಾಸಿದಾಗ ಒಂದು ವಿಶೇಷ ಗಾಳಿ ಬರುತ್ತದೆ, ಅದರಲ್ಲಿ ಮೇಣದ ಬತ್ತಿ ಪ್ರಖರವಾಗಿ ಉರಿಯುತ್ತದೆ ಎಂದು ಊಟದ ಹೊತ್ತಿನಲ್ಲಿ ತಿಳಿಸಿದ. ಲೆವಾಸಿಯೆ ಆಮೇಲೆ ಪಾದರಸವನ್ನು ಗಾಳಿಯೊಂದಿಗೆ 12 ದಿನ ಕಾಸಿದ. ಗಾಳಿಯ ಸುಮಾರು ಆರನೇ ಒಂದು ಭಾಗ ಮಾಯವಾಗಿ ಕೆಂಪು ಭಸ್ಮ ಹುಟ್ಟಿತು. ಉಳಿದ ಗಾಳಿಯಲ್ಲಿ ದೀಪ ಆರಿಹೋಯಿತು. ಆ ಕೆಂಪು ಭಸ್ಮವನ್ನು ಬೇರೆಯಾಗಿ ಜೋರಾಗಿ ಕಾಸಿದಾಗ ಕಳೆದುಹೋಗಿದ್ದ ಗಾಳಿ ಅಷ್ಟೂ ಮರಳಿ ಬಂತು! ಪಾದರಸದ ಆವಿ ವಿಷ, ಇದನ್ನು ನೀವು ಖಂಡಿತ ಮಾಡಬೇಡಿ.

ಆ ಗಾಳಿಗೆ ಅವನು ಆಕ್ಸಿಜನ್ ಎಂದು ಹೆಸರಿಟ್ಟ. ಪ್ರೀಸ್ಟ್ಲಿಗೆ ಸಲ್ಲಬೇಕಾದ ಗೌರವವನ್ನು ಅವನು ಪೂರ್ತಿಯಾಗಿ ಸಲ್ಲಿಸಲಿಲ್ಲ. ಇದು ಸರಿಯಲ್ಲ ಎಂದೇ ನನಗೆ ಅನ್ನಿಸುತ್ತದೆ.

ಈಗ ಒಲೆಯ ಕಡೆ ನೋಡಿ. ಸೌದೆ ಉರಿಯುವಾಗ ಗಾಳಿಯ ಆಕ್ಸಿಜನ್ನಿನೊಂದಿಗೆ ಸೇರಿ ಬಹುಪಾಲು ಕಾರ್ಬನ್ ಡೈಆಕ್ಸೈಡ್ ಮತ್ತು ನೀರಾವಿಯಾಗಿ ಮೇಲೆ ಹೋಗುತ್ತದೆ. ಬೂದಿ, ಹೊಗೆ, ಆವಿ ಎಲ್ಲವನ್ನೂ ಹಿಡಿದು ತೂಗಲು ಆಗಿದ್ದರೆ ಆ ತೂಕ ಸೌದೆಗಿಂತ ಹೆಚ್ಚೇ ಇರುತ್ತಿತ್ತು. ತುಕ್ಕು ಹಿಡಿದ ಮೊಳೆಗೂ ಗಾಳಿಯ ಆಕ್ಸಿಜನ್ ಸೇರಿರುತ್ತದೆ, ಜೊತೆಗೆ ಸ್ವಲ್ಪ ನೀರು. ನಾವು ಉಸಿರಾಡುವುದೂ ನಿಧಾನವಾದ ಒಂದು ಬಗೆಯ ಉರಿಯುವಿಕೆ ಎಂದು ಲೆವಾಸಿಯೆ, ಲಾಪ್ಲಾಸ್ ಎಂಬ ಗಣಿತಜ್ಞನ ಜೊತೆ ಸೇರಿ ತೋರಿಸಿದ. ಅದಕ್ಕೆ ಅವರು ಬಳಸಿದ್ದು ಒಂದು ಗಿನಿಯಿಲಿ ಮತ್ತು ಅದರ ಮೈಶಾಖಕ್ಕೆ ಕರಗಿದ ಮಂಜುಗಡ್ಡೆ.

ಈ ಕೆಲಸಗಳಲ್ಲಿ ಹೆಂಡತಿ ಮರಿ ಆನ್ ಅವನ ಜೊತೆಗಿದ್ದಳು. 1771ರಲ್ಲಿ ಮದುವೆಯಾದಾಗ ಆಕೆಗೆ ಕೇವಲ 13 ವರ್ಷ! ಆ ಕಾಲದಲ್ಲಿ ಅಲ್ಲಿಯೂ ಹಾಗೆ ನಡೆಯುತ್ತಿತ್ತು. ಆಕೆ ಇಂಗ್ಲಿಷ್ ಕಲಿತು ಅಲ್ಲಿನ ವಿಜ್ಞಾನ ಬರಹಗಳನ್ನು ಗಂಡನಿಗಾಗಿ ಅನುವಾದಿಸಿದಳು. ಪ್ರಯೋಗಗಳ ಟಿಪ್ಪಣಿ ಬರೆದಳು. 1789ರಲ್ಲಿ ಬಂದ ಲೆವಾಸಿಯೆಯ ದೊಡ್ಡ ಪುಸ್ತಕದ ಉಪಕರಣಗಳ ಚಿತ್ರಗಳೆಲ್ಲ ಆಕೆಯ ಕೈಯವೇ. ಆ ಪುಸ್ತಕದಲ್ಲಿ 33 ಮೂಲವಸ್ತುಗಳ ಪಟ್ಟಿ ಇದೆ. ಅದರಲ್ಲಿ ಬೆಳಕು, ಶಾಖ ಎರಡೂ ಸೇರಿವೆ! ಶಾಖವೂ ಒಂದು ವಸ್ತು ಎಂದೇ ಅವನು ತಿಳಿದಿದ್ದ.

ಅವನ ಇನ್ನೊಂದು ತಪ್ಪು ನಿಮ್ಮ ಪಠ್ಯಪುಸ್ತಕದಲ್ಲೇ ಸಿಗುತ್ತದೆ. ಎಲ್ಲ ಆಮ್ಲಗಳಲ್ಲೂ ಈ ಗಾಳಿ ಇರಲೇಬೇಕು ಎಂದು ನಂಬಿ, ಆಮ್ಲವನ್ನು ಹುಟ್ಟಿಸುವುದು ಎಂಬ ಅರ್ಥದ ಗ್ರೀಕ್ ಪದಗಳಿಂದ ಆ ಹೆಸರನ್ನು ಕಟ್ಟಿದ್ದ. ಅದನ್ನೇ ನಾವು ಕನ್ನಡದಲ್ಲಿ ಆಮ್ಲಜನಕ ಎಂದೆವು. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಮ್ಲಜನಕ ಇಲ್ಲವೇ ಇಲ್ಲ ಎಂಬುದು ಆಮೇಲೆ ತಿಳಿಯಿತು. ಹೆಸರು ಮಾತ್ರ ಉಳಿದುಕೊಂಡಿತು.

ಪ್ರಯೋಗಗಳಿಗೆ ಬೇಕಾದ ಹಣ ಎಲ್ಲಿಂದ ಬರುತ್ತಿತ್ತು? ಬಹುಪಾಲು ತೆರಿಗೆ ವಸೂಲಿಯಿಂದ. ರಾಜನ ಪರವಾಗಿ ಉಪ್ಪು, ಹೊಗೆಸೊಪ್ಪು ಮುಂತಾದವುಗಳ ಮೇಲೆ ತೆರಿಗೆ ವಸೂಲಿ ಮಾಡುವ ಖಾಸಗಿ ಸಂಸ್ಥೆಯಲ್ಲಿ ಅವನು ಪಾಲುದಾರ. ದಿನವೆಲ್ಲ ಅಲ್ಲಿನ ಮತ್ತು ಸರ್ಕಾರದ ಕೆಲಸ. ಬೆಳಿಗ್ಗೆ ಮೂರು ಗಂಟೆ, ರಾತ್ರಿ ಮೂರು ಗಂಟೆ ಪ್ರಯೋಗ. ಬಡವರು ಆ ಸಂಸ್ಥೆಯನ್ನು ಕಂಡರೆ ಸಿಡಿಯುತ್ತಿದ್ದರು. ಅವರ ಸಿಟ್ಟಿಗೆ ಕಾರಣವಿತ್ತು. ತೆರಿಗೆ ತಪ್ಪಿಸಿ ಸರಕು ತರುವುದನ್ನು ತಡೆಯಲು ಪ್ಯಾರಿಸ್ಸಿನ ಸುತ್ತ ಗೋಡೆ ಕಟ್ಟಿಸುವ ಯೋಜನೆಯ ಹಿಂದೆ ಲೆವಾಸಿಯೆಯೂ ಇದ್ದ.

1789ರಲ್ಲಿ ಫ್ರಾನ್ಸಿನಲ್ಲಿ ಕ್ರಾಂತಿ ಎದ್ದಿತು. 1793ರ ನವೆಂಬರಿನಲ್ಲಿ ತೆರಿಗೆ ಪಾಲುದಾರರನ್ನೆಲ್ಲ ಬಂಧಿಸಲು ಆಜ್ಞೆಯಾಯಿತು. 1794ರ ಮೇ 8ರಂದು ವಿಚಾರಣೆ, ಅದೇ ದಿನ ಶಿಕ್ಷೆ. 28 ಮಂದಿಯ ತಲೆ ಕಡಿದರು. ಅವರಲ್ಲಿ ಲೆವಾಸಿಯೆಯೂ ಇದ್ದ, ಮರಿ ಆನ್‌ಳ ತಂದೆಯೂ ಇದ್ದರು. ಆಗ ಲೆವಾಸಿಯೆಗೆ 50 ವರ್ಷ. ಸುಮಾರು ಒಂದೂವರೆ ವರ್ಷದ ನಂತರ ಸರ್ಕಾರ ಅವನನ್ನು ನಿರಪರಾಧಿ ಎಂದು ಒಪ್ಪಿಕೊಂಡಿತು.

ಒಂದೇ ದಿನ ಗಂಡನನ್ನೂ ತಂದೆಯನ್ನೂ ಕಳೆದುಕೊಂಡ ಮರಿ ಆನ್, ಗಂಡನ ಕೊನೆಯ ಬರಹಗಳನ್ನು ಒಟ್ಟುಗೂಡಿಸಿ ಅಚ್ಚುಹಾಕಿಸಿದಳು. ಅವನ ಉಪಕರಣಗಳನ್ನೂ ಜೋಪಾನ ಮಾಡಿದಳು. ಆ ತಕ್ಕಡಿಗಳು ಇವತ್ತಿಗೂ ಪ್ಯಾರಿಸ್ಸಿನ ವಸ್ತುಸಂಗ್ರಹಾಲಯದಲ್ಲಿವೆ.

ನೀವೂ ಒಂದು ಪ್ರಯೋಗ ಮಾಡಬಹುದು. ಒಂದು ಲೋಟ ನೀರು, ಪಕ್ಕದಲ್ಲಿ ಒಂದು ಕಾಗದದ ಮೇಲೆ ನಾಲ್ಕು ಚಮಚ ಉಪ್ಪು. ಎರಡನ್ನೂ ಒಟ್ಟಿಗೆ ಅಂಗಡಿಯ ತಕ್ಕಡಿಯಲ್ಲಿಟ್ಟು ತೂಗಿ, ಬರೆದುಕೊಳ್ಳಿ. ಉಪ್ಪನ್ನು ಚೆಲ್ಲದೆ ನೀರಿಗೆ ಹಾಕಿ, ಲೋಟವನ್ನೇ ಮೆಲ್ಲಗೆ ಅಲುಗಿಸಿ ಪೂರ್ತಿ ಕರಗಿಸಿ. ಖಾಲಿ ಕಾಗದವನ್ನೂ ಜೊತೆಗಿಟ್ಟು ಮತ್ತೆ ತೂಗಿ. ತೂಗುವ ಮೊದಲು ಉತ್ತರವನ್ನು ಊಹಿಸಿ ಬರೆದಿಡಲು ಮರೆಯಬೇಡಿ.